ನಗೆಯ ವೇಷ, ಸಾವಿನ ಪಾತ್ರ: ವೈಜನಾಥ ಬಿರಾದಾರರ ಈರ್ಯ

ಉತ್ತರ ಕರ್ನಾಟಕದ ಜನಪದ ರಂಗಭೂಮಿಯಲ್ಲಿ ಹಾಸ್ಯಗಾರನ ಸ್ಥಾನ ಕಿರಿದಾದುದಲ್ಲ. ದೊಡ್ಡಾಟದ ಸಾರಥಿ ನೋಡುಗರನ್ನು ನಗಿಸುತ್ತಾನೆ, ರಾಜವೇಷಗಳನ್ನು ಮಾತನಾಡಿಸಿ ಪ್ರಶ್ನಿಸುತ್ತಾನೆ, ಕಥೆಯನ್ನೂ ಮುನ್ನಡೆಸುತ್ತಾನೆ. ಕನ್ನಡದ ಜನಪ್ರಿಯ ಚಲನಚಿತ್ರದಲ್ಲಿ ಹಾಸ್ಯವು ಬಹುಮಟ್ಟಿಗೆ ಕಥೆಯಿಂದ ಬೇರ್ಪಟ್ಟು ಉಪಾಂಗವಾಯಿತು. ಆಳಂದದ ಹಿರೋಳ್ಳಿಯಂತಹ ಗಡಿಗ್ರಾಮಗಳಿಂದ ಬೀದರಿನವರೆಗೆ ಮರಾಠಿ, ಉರ್ದು ಬೆರೆತು ಬೆಳೆದ ಕನ್ನಡವೂ ಅಲ್ಲಿ ಹಲವೊಮ್ಮೆ ನಗೆಯ ಸರಕಾಗಿಯೇ ಬಳಕೆಯಾಯಿತು.

ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ ಅವರ ಚಿತ್ರಜೀವನವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ನೂರಾರು ಚಿತ್ರಗಳಲ್ಲಿ ಅವರಿಗೆ ದೊರೆತವು ಹೆಚ್ಚಾಗಿ ಕುಡುಕ, ಭಿಕ್ಷುಕ ಮೊದಲಾದ ಕಿರುಪಾತ್ರಗಳು. ಅವರ ಕೃಶ ಶರೀರವೇ ಅಲ್ಲಿ ಹಾಸ್ಯದ ಬಂಡವಾಳ.

ಗಿರೀಶ್ ಕಾಸರವಳ್ಳಿ ಅವರು ‘ಕನಸೆಂಬೋ ಕುದುರೆಯನೇರಿ’ (2010) ಚಿತ್ರದಲ್ಲಿ ಈ ನಟನನ್ನೇ ಮುಖ್ಯ ಪಾತ್ರಕ್ಕೆ ಆರಿಸಿಕೊಂಡರು. ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಬಿರಾದಾರ ಅವರದು ಗೋರಿ ತೋಡುವ ಈರ್ಯನ ಪಾತ್ರ. ಹಾಸ್ಯಪಾತ್ರಗಳಿಂದಲೇ ಜನಪ್ರಿಯರಾಗಿದ್ದ ಉಮಾಶ್ರೀ ಅವನ ಹೆಂಡತಿ ರುದ್ರಿ. ಕನಸಿನಲ್ಲಿ ಸಿದ್ಧನು ಕಾಣಿಸಿಕೊಂಡರೆ ಊರಿನಲ್ಲಿ ಸಾವು ಸಂಭವಿಸುವುದೆಂಬುದು ಈರ್ಯನ ನಂಬಿಕೆ. ಗೌಡರ ಮನೆಯ ಸಾವನ್ನು ಮುಚ್ಚಿಟ್ಟಾಗ ಅವನ ಕನಸು ಸುಳ್ಳಾದಂತೆ ತೋರುತ್ತದೆ. ಅವನು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನಷ್ಟೇ ಅಲ್ಲ, ಊರಿನಲ್ಲಿ ತನಗಿದ್ದ ನೆಲೆಯನ್ನು.

ಇಲ್ಲಿ ನಟನ ಶರೀರ ಬದಲಾಗಿಲ್ಲ. ಅದನ್ನು ನೋಡುವ ದೃಷ್ಟಿ ಬದಲಾಗಿದೆ. ಅನ್ಯತ್ರ ನಗೆ ತರಿಸುತ್ತಿದ್ದ ಕೃಶತೆ ಇಲ್ಲಿ ಹಸಿವಿನ ಗುರುತು. ಸಾರಥಿಯ ವೇಷದಲ್ಲಿ ಒಂದಾಗಿದ್ದ ನಗೆ ಮತ್ತು ವಿವೇಕಗಳನ್ನು ಸಿನಿಮಾ ಬೇರ್ಪಡಿಸಿತ್ತು. ಈರ್ಯನ ಪಾತ್ರ ಅವುಗಳನ್ನು ಮರಳಿ ಕೂಡಿಸಿತೆನ್ನಬಹುದು.

ಚಿತ್ರವು 2009ನೆಯ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಬಿರಾದಾರ ಅವರಿಗೆ ಸ್ಪೇನಿನ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಆದರೂ 2023ರಲ್ಲಿ ಅವರು ನಾಯಕರಾಗಿ ತೆರೆಗೆ ಬಂದ ಚಿತ್ರದ ಹೆಸರು ‘90 ಹೊಡಿ ಮನೀಗ್ ನಡಿ’. ಅದು ಮತ್ತೆ ಮದ್ಯದ ಅಳತೆಯನ್ನೇ ಸೂಚಿಸುತ್ತದೆ. ನಟನ ಸಾಮರ್ಥ್ಯ ಸಾಬೀತಾದ ಮೇಲೂ ಉದ್ಯಮದ ಅಚ್ಚು ಬದಲಾಗಲಿಲ್ಲವೆಂಬುದು ಪ್ರಾದೇಶಿಕ ಕಲಾವಿದರ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಸಂಗತಿ.