ಚಕ್ರ ಮಡಚುವ ಪುಟ್ಟ ವಿಮಾನ

ರೇಡಿಯೋ ಎಂದರೆ ನಮಗೆ ಹಾಡು, ಹರಟೆ. ಅದೇ ರೇಡಿಯೋ ಅಲೆಗಳಿಂದ ಪುಟ್ಟ ವಿಮಾನ ಹಾರಿಸಿದವರೂ ಇದ್ದಾರೆ. ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1937ರಲ್ಲಿ ಕಟ್ಟಿದ ‘ಗಫ್’ ಇಂಥ ಮೊದಮೊದಲ ಮಾದರಿಗಳಲ್ಲೊಂದು. ಅದರ ಚಕ್ರಗಳು ಸದಾ ಹೊರಗೇ ಇರುತ್ತಿದ್ದವು.

ದೊಡ್ಡ ವಿಮಾನಗಳ ಕಥೆ ಬೇರೆ. 1920ರಲ್ಲೇ ಡೇಟನ್-ರೈಟ್ ರೇಸ್ ವಿಮಾನದ ಪೈಲಟ್ ಹಿಡಿಕೆ ತಿರುಗಿಸಿ ಚಕ್ರಗಳನ್ನು ಒಳಗೆ ಎಳೆದುಕೊಳ್ಳಬಹುದಿತ್ತು. ಗಾಳಿಯ ತಡೆ ತಗ್ಗಿದರೆ ವೇಗ ಹೆಚ್ಚುತ್ತದಲ್ಲ!

ಮಾದರಿ ವಿಮಾನದೊಳಗೆ ಪೈಲಟ್ ಇಲ್ಲ. ಹಾಗಾಗಿ ಹವ್ಯಾಸಿಗಳು ಪುಟ್ಟ ಸರ್ವೋ ಮೋಟಾರನ್ನೋ ಒತ್ತಡದ ಗಾಳಿಯನ್ನೋ ನೆಚ್ಚಿದರು. ಆದರೆ ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ಚಕ್ರ ದಡಕ್ಕನೆ ಬೀಳುತ್ತದೆ. ಪೈಪು ಸೋರಿದರೆ ಇಳಿಯದೆಯೂ ಹೋದೀತು. ಆಗ ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನ ಹೊಟ್ಟೆ ಉಜ್ಜಿಕೊಂಡೇ ನೆಲ ಮುಟ್ಟಬೇಕು.

ಎಣ್ಣೆ ಹಾಗೆ ಕುಗ್ಗುವುದಿಲ್ಲ. ಪಂಪು ದೂಡಿದಷ್ಟೇ ಪಿಸ್ಟನ್ ಸರಿಯುತ್ತದೆ. ಚಕ್ರ ನಿಜವಾದ ವಿಮಾನದಂತೆ ನಿಧಾನವಾಗಿ ಇಳಿಯುತ್ತದೆ. ಇದೇ ಹೈಡ್ರಾಲಿಕ್ ವ್ಯವಸ್ಥೆ. ತೂಕ ಹೆಚ್ಚು, ಖರ್ಚೂ ಹೆಚ್ಚು, ಸೋರಿಕೆಯ ಭಯ ಇದ್ದದ್ದೇ. ಈಗ ಎಲೆಕ್ಟ್ರಿಕ್ ಮೋಟಾರುಗಳು ಈ ಕೆಲಸವನ್ನು ಸುಲಭ ಮಾಡಿವೆ.

ಆದರೂ ಕೆಳಗೆ ರಿಮೋಟ್ ಹಿಡಿದು ನಿಂತವರು ನಿಟ್ಟುಸಿರು ಬಿಡುವುದು ಇಂದಿಗೂ ಮೂರೂ ಚಕ್ರ ಕಣ್ಣಿಗೆ ಬಿದ್ದ ಮೇಲೆಯೇ!