ತಳಕ್ಕೆ ಅಂಟಿದ ಕೋಶಗಳು: ಮೂಳೆ ಮರುಬೆಳೆಸುವ ವಿದ್ಯೆಯಲ್ಲಿ ಮೇಲ್ಮೈಯ ಚರಿತ್ರೆ

ಮೂಳೆಯೊಡನೆ ಬೆಸೆದುಕೊಳ್ಳುವ ವಸ್ತುಗಳ ಕಥೆಯನ್ನು ಸಾಮಾನ್ಯವಾಗಿ 1952ರಿಂದ ಶುರುಮಾಡುತ್ತಾರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲೆಂದು ಟೈಟೇನಿಯಂನ ಪುಟ್ಟ ಕಿಂಡಿಯೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ. ಮೂಳೆ ಲೋಹವನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಟೈಟೇನಿಯಂ ಬೇರನ್ನು ಹಾಕಿದರು. 1977ರ ಹೊತ್ತಿಗೆ ಈ ಬೆಸುಗೆಗೆ ‘ಆಸಿಯೋಇಂಟಿಗ್ರೇಷನ್’ ಎಂಬ ಹೆಸರು ಬಂದಿತ್ತು.

ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಲೋಹದ ಕಡೆಯಿಂದ ಮಾತ್ರ ಹೇಳಿದರೆ ಚರಿತ್ರೆಯ ಒಂದು ಮಗ್ಗುಲು ಕತ್ತಲಲ್ಲೇ ಉಳಿಯುತ್ತದೆ. ಮೂಳೆ ಕಟ್ಟುವ ಕಾಂಡಕೋಶವನ್ನು ವಿಜ್ಞಾನ ಮೊದಲು ಗುರುತಿಸಿದ್ದೇ ಅದು ಒಂದು ಮೇಲ್ಮೈಗೆ ಅಂಟಿಕೊಂಡಿತು ಎಂಬ ಕಾರಣಕ್ಕೆ. ಮಾಸ್ಕೋದ ಗಮಲೇಯ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಸಂಗಡಿಗರು ಗಿನಿಪಿಗ್‌ನ ಅಸ್ಥಿಮಜ್ಜೆಯನ್ನು ಕೃಷಿಪಾತ್ರೆಗೆ ಹಾಕಿದಾಗ ರಕ್ತದ ಕೋಶಗಳು ದ್ರವದಲ್ಲಿ ತೇಲುತ್ತ ಉಳಿದವು, ದ್ರವ ಬದಲಿಸಿದಾಗ ಕೊಚ್ಚಿಹೋದವು. ಎಲ್ಲೋ ಒಂದೊಂದು ಕೋಶ ಮಾತ್ರ ತಳಕ್ಕೆ ಕಚ್ಚಿಕೊಂಡು, ವಂಶ ಬೆಳೆಸಿ, ಬಳಗ ಕಟ್ಟಿತು. 1970ರ ಅವರ ಪ್ರಬಂಧ ಇಂಥ ಬಳಗಗಳನ್ನು ಕುರಿತದ್ದು. ಪ್ರಾಣಿಯ ದೇಹಕ್ಕೆ ಮತ್ತೆ ಸೇರಿಸಿದಾಗ ಇವು ಮೂಳೆ ಕಟ್ಟಬಲ್ಲವೆಂದೂ ಆ ಗುಂಪು ತೋರಿಸಿತು. ಕ್ಲೀವ್‌ಲ್ಯಾಂಡ್‌ನ ಆರ್ನಲ್ಡ್ ಕ್ಯಾಪ್ಲನ್ 1991ರಲ್ಲಿ ಇವನ್ನು ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಕರೆದರು. ಆ ಹೆಸರು ಸರಿಯಿಲ್ಲ, ಬದಲಿಸಬೇಕೆಂದು 2017ರಲ್ಲಿ ಅವರೇ ಬರೆದರು. ಹೆಸರು ಏನೇ ಇರಲಿ, ಅಂಟುವ ಗುಣವೇ ಗುರುತಾಗಿ ಉಳಿಯಿತು. ಜರಡಿಯ ಕೆಲಸ ಮಾಡಿದ ಆ ತಳವನ್ನು ಮಾತ್ರ ಬಹುಕಾಲ ಯಾರೂ ಪ್ರಶ್ನಿಸಲಿಲ್ಲ.

ಶಸ್ತ್ರಚಿಕಿತ್ಸೆಯ ಕಡೆಯವರೂ ಇದೇ ಮನಸ್ಸಿನವರಾಗಿದ್ದರು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಸೊಂಟದ ಕೃತಕ ಕೀಲನ್ನು ಅಕ್ರಿಲಿಕ್ ಸಿಮೆಂಟಿನಿಂದ ಕೂರಿಸುತ್ತಿದ್ದಾಗ, ದೇಹ ತಕರಾರು ಮಾಡದ ವಸ್ತುವೇ ಒಳ್ಳೆಯ ವಸ್ತು ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದನ್ನು ಅಲುಗಾಡಿಸಿದವರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಮುಖ್ಯರು. 1967ರಲ್ಲಿ ಬಸ್ ಪ್ರಯಾಣವೊಂದರಲ್ಲಿ ಪಕ್ಕದಲ್ಲಿ ಕೂತಿದ್ದ, ವಿಯೆಟ್ನಾಂನಿಂದ ಮರಳಿದ್ದ ಸೇನಾಧಿಕಾರಿಯೊಬ್ಬರು, ದೇಹ ಒಪ್ಪಿಕೊಳ್ಳುವಂಥ ವಸ್ತುವೊಂದನ್ನು ಮಾಡಲಾಗದೇ ಎಂದು ಕೇಳಿದರಂತೆ. ಗಾಯಾಳು ಸೈನಿಕರ ಕೈಕಾಲು ಕತ್ತರಿಸುವುದನ್ನು ಕಂಡು ಬಂದವರ ಪ್ರಶ್ನೆ ಅದು. ಎರಡು ವರ್ಷಗಳಲ್ಲಿ ಹೆಂಚ್ ತಯಾರಿಸಿದ ಗಾಜಿನಲ್ಲಿ ತೂಕದ ಲೆಕ್ಕಕ್ಕೆ ಶೇ. 45 ಸಿಲಿಕಾ, ಶೇ. 24.5ರಂತೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡುಗಳು, ಶೇ. 6 ರಂಜಕದ ಆಕ್ಸೈಡು ಇದ್ದವು. ಇಲಿಯ ತೊಡೆಮೂಳೆಯಲ್ಲಿ ಆರು ವಾರ ಇಟ್ಟ ಆ ಗಾಜನ್ನು ಕೀಳಲಾಗಲಿಲ್ಲ. ಗಾಜಿನ ಹೊರಮೈ ದೇಹದ ದ್ರವದಲ್ಲಿ ನಿಧಾನಕ್ಕೆ ಕರಗಿ, ಸಿಲಿಕಾದ ಲೋಳೆಪದರವಾಗಿ, ಅದರ ಮೇಲೆ ಮೂಳೆಯ ಖನಿಜವನ್ನೇ ಹೋಲುವ ಅಪಟೈಟ್ ಹರಳುಗಟ್ಟುತ್ತದೆ. ಮೂಳೆಗೆ ಪರಿಚಯದ ನೆಲ ಸಿಕ್ಕಂತೆ. ಕರಗಿ ಬಂದ ಅಯಾನುಗಳು ಮೂಳೆಕೋಶಗಳ ಜೀನುಗಳನ್ನೂ ಚುರುಕುಗೊಳಿಸುತ್ತವೆ ಎಂಬುದು 2001ರ ಹೊತ್ತಿಗೆ ಲಂಡನ್ನಿನಲ್ಲಿ ಹೆಂಚ್ ಅವರಿದ್ದ ಗುಂಪಿನಿಂದಲೇ ತಿಳಿಯಿತು.

ಟೈಟೇನಿಯಂನವರು ಬೇರೆ ದಾರಿ ಹಿಡಿದರು. ಗಾರೆ ಹಿಡಿಯಲೆಂದು ಮೇಸ್ತ್ರಿ ಹಳೆಯ ಗೋಡೆಯನ್ನು ಉಳಿಯಿಂದ ಕಚ್ಚುಕಚ್ಚು ಮಾಡುತ್ತಾನಲ್ಲ, ಹಾಗೆ ಲೋಹಕ್ಕೆ ಮರಳು ಎರಚಿ, ಆಮ್ಲದಲ್ಲಿ ಅದ್ದಿ ತರಿತರಿ ಮಾಡಿದರು. 1991ರಲ್ಲಿ ಡ್ಯಾನಿಯಲ್ ಬುಸರ್ ಮತ್ತು ಸಂಗಡಿಗರು ಕುಳ್ಳತಳಿಯ ಹಂದಿಗಳಲ್ಲಿ ನಾನಾ ಬಗೆಯ ಟೈಟೇನಿಯಂ ಮೈಗಳನ್ನು ಹೋಲಿಸಿದಾಗ ಒರಟು ಮೈಗಳಿಗೇ ಮೂಳೆ ಹೆಚ್ಚು ತಾಗಿತ್ತು. ಗೋಡೆಯ ಹೋಲಿಕೆ ಇಲ್ಲಿಯವರೆಗೆ ಸಲ್ಲುತ್ತದೆ, ಮುಂದಕ್ಕಲ್ಲ. ಗಾರೆಗೆ ಗೋಡೆಯನ್ನು ಓದುವ ಶಕ್ತಿಯಿಲ್ಲ, ಕೋಶಕ್ಕೆ ಇದೆ.

ಆ ಓದು ನಡೆಯುವ ಬಗೆಯೇ ಈ ಚರಿತ್ರೆಯ ಅತ್ಯಂತ ಚೆಂದದ ಭಾಗ ಎಂದು ನನಗನ್ನಿಸುತ್ತದೆ. ದೇಹದೊಳಗೆ ಕೋಶವೊಂದು ಬರಿ ಲೋಹವನ್ನು ಮುಟ್ಟುವುದೇ ಇಲ್ಲ. ಅದು ಬರುವ ಮೊದಲೇ ರಕ್ತದ ಪ್ರೋಟೀನುಗಳು, ಫೈಬ್ರೋನೆಕ್ಟಿನ್, ವಿಟ್ರೋನೆಕ್ಟಿನ್ ಮೊದಲಾದವು, ಲೋಹದ ಮೇಲಿನ ತೆಳು ಆಕ್ಸೈಡ್ ಪದರಕ್ಕೆ ಹತ್ತಿಕೊಂಡಿರುತ್ತವೆ. ಯಾವ ಪ್ರೋಟೀನು ಎಷ್ಟು ಹತ್ತಿತು, ಯಾವ ಭಂಗಿಯಲ್ಲಿ ಮಲಗಿತು ಎಂಬುದನ್ನು ಮೇಲ್ಮೈ ತೀರ್ಮಾನಿಸುತ್ತದೆ. ಫೈಬ್ರೋನೆಕ್ಟಿನ್‌ನಲ್ಲಿ ಕೋಶ ಹಿಡಿಯುವ ಹಿಡಿಕೆ ಕೇವಲ ಮೂರು ಅಮೈನೋ ಆಮ್ಲಗಳಷ್ಟು ಚಿಕ್ಕದೆಂದು 1984ರಲ್ಲಿ ಪಿಯರ್ಷ್‌ಬಾಕರ್ ಮತ್ತು ರೂಓಸ್ಲಾಟಿ ತೋರಿಸಿದರು. ಕೋಶದ ಹೊದಿಕೆಯಲ್ಲಿರುವ ಇಂಟಿಗ್ರಿನ್‌ಗಳು ಆ ಹಿಡಿಕೆಯನ್ನು ಹಿಡಿದು, ಗುಂಪುಗೂಡಿ, ಒಳಗಿನ ಆಕ್ಟಿನ್ ಹುರಿಗಳನ್ನು ಜಗ್ಗುತ್ತವೆ. ಹಿಡಿಕೆಗಳ ನಡುವಿನ ಅಂತರ ಸುಮಾರು 70 ನ್ಯಾನೋಮೀಟರ್ ದಾಟಿದರೆ ಗುಂಪು ಕೂಡುವುದಿಲ್ಲ, ಹಿಡಿತ ಸಡಿಲ. ಇದನ್ನು ಅಳೆದದ್ದು 2004ರಲ್ಲಿ, ಜರ್ಮನಿಯ ಯೋಆಖಿಮ್ ಸ್ಪಾಟ್ಸ್ ಗುಂಪು, ಚಿನ್ನದ ನ್ಯಾನೋಚುಕ್ಕಿಗಳನ್ನು ಸಾಲಾಗಿ ಇಟ್ಟು.

ಅದೇ ವರ್ಷ ಕ್ರಿಸ್ಟಫರ್ ಚೆನ್ ಪ್ರಯೋಗಾಲಯದ ರೋವಿನಾ ಮೆಕ್‌ಬೆತ್ ಮತ್ತು ಸಂಗಡಿಗರು ಮಾನವ ಕಾಂಡಕೋಶಗಳಿಗೆ ಅಂಟುನೆಲದ ಪುಟ್ಟ ದ್ವೀಪಗಳನ್ನು ಮಾಡಿಕೊಟ್ಟರು. ಇಕ್ಕಟ್ಟಿನ ದ್ವೀಪದಲ್ಲಿ ಮುದುಡಿ ಕೂತ ಕೋಶ ಕೊಬ್ಬಿನ ಕೋಶವಾಯಿತು. ವಿಶಾಲ ದ್ವೀಪದಲ್ಲಿ ಮೈಚಾಚಿದ್ದು ಮೂಳೆಯ ಹಾದಿ ಹಿಡಿಯಿತು. ಎರಡಕ್ಕೂ ಉಣಿಸಿದ ದ್ರವ ಒಂದೇ.

ಎರಡು ವರ್ಷಗಳ ನಂತರ ಪೆನ್ಸಿಲ್ವೇನಿಯಾದ ಡೆನಿಸ್ ಡಿಷರ್ ಗುಂಪು ನೆಲದ ಗಡಸುತನವನ್ನು ಕೈಗೆತ್ತಿಕೊಂಡಿತು. ಆ ಪ್ರಬಂಧದ ನಾಲ್ವರು ಲೇಖಕರಲ್ಲಿ ಶಮಿಕ್ ಸೇನ್ ಒಬ್ಬರು, ಮುಂದೆ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾದವರು. ಮಿದುಳಿನಷ್ಟು ಮೆತ್ತನೆಯ ಜೆಲ್ಲಿನ ಮೇಲೆ ಕಾಂಡಕೋಶ ನರಕೋಶದ ಲಕ್ಷಣ ತಾಳಿತು, 8ರಿಂದ 17 ಕಿಲೋಪ್ಯಾಸ್ಕಲ್‌ನಲ್ಲಿ ಸ್ನಾಯುವಿನದು, 25ರಿಂದ 40ರಲ್ಲಿ ಮೂಳೆಯದು. ಈ ಕೊನೆಯ ಅಂಕಿಯನ್ನು ತಪ್ಪಾಗಿ ಓದುವವರು ಬಹಳ. ಬಲಿತ ಮೂಳೆ ಇದಕ್ಕಿಂತ ಲಕ್ಷಾಂತರ ಪಟ್ಟು ಗಡಸು. ಇದು ಇನ್ನೂ ಸುಣ್ಣ ಕೂರದ ಎಳೆಮೂಳೆಯ ಗಡಸುತನ. ಮೂಳೆ ಕಟ್ಟುವ ಕೋಶ ಸಹಜವಾಗಿ ಕೆಲಸ ಮಾಡುವ ತಾಣವೂ ಅದೇ. 2012ರಲ್ಲಿ ಟ್ರಾಪ್‌ಮನ್ ಮತ್ತು ಸಂಗಡಿಗರು, ಕೋಶ ಅರಿಯುವುದು ಗಡಸುತನವನ್ನಲ್ಲ, ಜೆಲ್ಲಿನ ಮೇಲೆ ಬಳಿದ ಕೊಲ್ಯಾಜೆನ್ ಎಂಬ ಪ್ರೋಟೀನು ಅದಕ್ಕೆ ಎಷ್ಟು ಬಿಗಿಯಾಗಿ ಹೊಲಿದುಕೊಂಡಿದೆ ಎಂಬುದನ್ನು ಎಂದು ವಾದಿಸಿದರು. ಮೊದಲ ಪ್ರಬಂಧದ ಆಡಮ್ ಎಂಗ್ಲರ್ ಅವರ ಗುಂಪು 2014ರಲ್ಲಿ ಅದನ್ನು ಪ್ರಯೋಗದಿಂದಲೇ ಎದುರಿಸಿತು. ಇಂಥ ಜಗಳಗಳು ವಿದ್ಯೆಗೆ ಒಳ್ಳೆಯವು.

ಗ್ಲಾಸ್ಗೋದ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರ 2007ರ ಕೆಲಸ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು. ಅವರು ಕುಳಿ ತೋಡಿದ ಪ್ಲಾಸ್ಟಿಕ್ ಚಾರ್ನ್‌ಲಿಯ ಸಿಮೆಂಟಿನ ಮೂಲವಸ್ತುವೇ: ಪಾಲಿಮಿಥೈಲ್ ಮೆಥಾಕ್ರಿಲೇಟ್. ಕುಳಿಯ ಅಗಲ 120 ನ್ಯಾನೋಮೀಟರ್, ಆಳ 100, ನಡುವಿಂದ ನಡುವಿಗೆ 300. ಚೌಕಚೌಕವಾಗಿ ಸಾಲಿಟ್ಟರೆ ಕೋಶಗಳು ಮೂಳೆಯತ್ತ ತಿರುಗಲಿಲ್ಲ. ಪೂರ್ತಿ ಅಡ್ಡಾದಿಡ್ಡಿ ಮಾಡಿದರೂ ಫಲ ಅಷ್ಟಕ್ಕಷ್ಟೆ. ಪ್ರತಿ ಕುಳಿಯನ್ನೂ ತನ್ನ ಜಾಗದಿಂದ ಗರಿಷ್ಠ 50 ನ್ಯಾನೋಮೀಟರ್‌ನಷ್ಟು ಸರಿಸಿದಾಗ, ಪ್ರಚೋದಕ ರಾಸಾಯನಿಕವೊಂದೂ ಇಲ್ಲದೆ ಮೂಳೆಯ ಪ್ರೋಟೀನುಗಳು ಕಾಣಿಸಿಕೊಂಡವು, ಖನಿಜದ ಗಂಟುಗಳು ಮೂಡಿದವು. ದೇಹ ಅಕ್ರಿಲಿಕ್ಕನ್ನು ಲೆಕ್ಕಿಸುವುದಿಲ್ಲ ಎಂದು ನಾಲ್ಕು ದಶಕ ನಂಬಿದ್ದವರಿಗೆ ಅದೇ ಅಕ್ರಿಲಿಕ್ ಕೊಟ್ಟ ಉತ್ತರ ಇದು.

ಆದರೆ ಇಂಥ ಅಂಕಿಗಳನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಎತ್ತಿ ನೆಡಲಾಗದು. ಟೈಟೇನಿಯಂ ಆಕ್ಸೈಡಿನ ನ್ಯಾನೋಕೊಳವೆಗಳಲ್ಲಿ 15 ನ್ಯಾನೋಮೀಟರ್ ವ್ಯಾಸವೇ ಉತ್ತಮ, 100ರಲ್ಲಿ ಕೋಶ ಸಾಯುತ್ತದೆ ಎಂದು 2007ರಲ್ಲಿ ಎರ್ಲಾಂಗೆನ್‌ನವರು ಬರೆದರು. 70ರಿಂದ 100ರಲ್ಲೇ ಮೂಳೆಯ ಲಕ್ಷಣ ಹೆಚ್ಚು ಎಂದು 2009ರಲ್ಲಿ ಸ್ಯಾನ್ ಡಿಯೇಗೋದವರು. ನನ್ನ ಓದಿನಲ್ಲಿ ಇಬ್ಬರದೂ ತಪ್ಪಲ್ಲ; ವ್ಯಾಸದ ಜೊತೆಗೆ ಕೊಳವೆಯ ರಸಾಯನ, ಅದಕ್ಕೆ ಹತ್ತಿದ ಪ್ರೋಟೀನು ಎಲ್ಲವೂ ಬದಲಾಗಿರುತ್ತವೆ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಗುಂಪೊಂದು ನ್ಯಾನೋನೂಲಿನ ಹಂದರ ಕೋಶವನ್ನು ಉದ್ದುದ್ದ, ಕವಲುಕವಲಾಗಿ ಎಳೆದೇ ಮೂಳೆಯತ್ತ ತಿರುಗಿಸುತ್ತದೆಂದು ತೋರಿಸಿತು. ಆ ಗುಂಪಿನಲ್ಲಿದ್ದ ಕೌಶಿಕ್ ಚಟರ್ಜಿ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇದೇ ಕ್ಷೇತ್ರದಲ್ಲಿ ಮುಂದುವರಿದಿದ್ದಾರೆ.

ಮತ್ತೆ ಆ ತಳಕ್ಕೆ ಬರೋಣ. 2014ರಲ್ಲಿ ಕ್ರಿಸ್ಟಿ ಆನ್ಸೆತ್ ಅವರ ಪ್ರಯೋಗಾಲಯ ಕಾಂಡಕೋಶಗಳನ್ನು ಗಡಸು ಪ್ಲಾಸ್ಟಿಕ್ಕಿನ ಮೇಲೆ ಬೆಳೆಸಿ ಮೆತ್ತನೆಯ ಜೆಲ್ಲಿಗೆ ಸಾಗಿಸಿತು. ಸ್ವಲ್ಪ ಕಾಲ ಮಾತ್ರ ಪ್ಲಾಸ್ಟಿಕ್ಕಿನಲ್ಲಿದ್ದವು ಹೊಸ ನೆಲಕ್ಕೆ ಹೊಂದಿಕೊಂಡವು. ಹತ್ತು ದಿನ ಇದ್ದವುಗಳಲ್ಲಿ ಯಾಪ್ ಎಂಬ ಪ್ರೋಟೀನು ಕೋಶಕೇಂದ್ರ ಬಿಟ್ಟು ಹೊರಬರಲೇ ಇಲ್ಲ. ಮೆತ್ತನೆಯ ನೆಲದಲ್ಲೂ ಅವು ಗಡಸು ನೆಲದ ನಡೆ ಬಿಡಲಿಲ್ಲ. ಮುರಿದ ಮೂಳೆಗೆ ಕೋಶ ತುಂಬುವ ಚಿಕಿತ್ಸೆಗಳಲ್ಲಿ ಕೋಶಗಳು ಹಂದರಕ್ಕೆ ಏರುವ ಮುನ್ನ ವಾರಗಟ್ಟಲೆ ಬೆಳೆಯುವುದು ಇಂಥ ಪ್ಲಾಸ್ಟಿಕ್ಕಿನ ಮೇಲೆಯೇ. ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ 2006ರಲ್ಲಿ ಈ ಕೋಶಗಳಿಗೆ ಕನಿಷ್ಠ ಲಕ್ಷಣಗಳನ್ನು ಗೊತ್ತುಮಾಡಿದಾಗ ಮೊದಲನೆಯದಾಗಿ ಬರೆದದ್ದು, ಪ್ಲಾಸ್ಟಿಕ್ಕಿಗೆ ಅಂಟಬೇಕು ಎಂದು.