ಶಿಕ್ಷಕರೇ ಸಂಶೋಧಕರಾದ ಬಗೆ

ಬಿ.ಇಡಿ. ಮುಗಿಸಿದ ಶಿಕ್ಷಕರಿಗೆಲ್ಲ ‘ಕ್ರಿಯಾ ಸಂಶೋಧನೆ’ ಎಂಬ ಮಾತು ಗೊತ್ತು. ಊರಿನ ಹಿರಿಯರಿಗೆ ಹೇಳುವುದಾದರೆ ಇದು ರೈತರ ದಾರಿಯೇ. ಬೆಳೆ ಏಕೆ ಸೊರಗಿತೆಂದು ನೋಡುವುದು, ಒಂದು ಮಡಿಯಲ್ಲಿ ಬೇರೆ ಉಪಾಯ ಮಾಡುವುದು, ಫಲ ಕಂಡು ಮುಂದುವರಿಯುವುದು.

ಈ ಪದ್ಧತಿಗೆ ರೂಪ ಕೊಟ್ಟವರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಪ್ರಮುಖರು. ಯಹೂದಿಯಾದ ಅವರು ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ತೊರೆದು ಅಮೆರಿಕ ಸೇರಿದರು. ಅಲ್ಪಸಂಖ್ಯಾತರ ಸಮಸ್ಯೆಗಳನ್ನು ಕುರಿತ 1946ರ ಲೇಖನದಲ್ಲಿ ಯೋಜನೆ, ಕಾರ್ಯ, ಫಲದ ಪರಿಶೀಲನೆ, ಮತ್ತೆ ಯೋಜನೆ ಎಂಬ ಸುತ್ತನ್ನು ವಿವರಿಸಿದರು. ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ ಇದನ್ನು ಶಾಲೆಗೆ ಅನ್ವಯಿಸಿ 1953ರಲ್ಲಿ ಪುಸ್ತಕ ಬರೆದರು. ಆದರೆ ಇದು ಶಾಸ್ತ್ರೀಯ ಸಂಶೋಧನೆಯಲ್ಲವೆಂಬ ಟೀಕೆ ಬಂದು, ಅಲ್ಲಿ ಉತ್ಸಾಹ ತಗ್ಗಿತು.

ಅದಕ್ಕೆ ಮತ್ತೆ ಜೀವ ಬಂದದ್ದು ಇಂಗ್ಲೆಂಡಿನಲ್ಲಿ. 1967ರಲ್ಲಿ ಆರಂಭವಾದ ಪಠ್ಯಕ್ರಮ ಯೋಜನೆಯೊಂದರ ಮುಂದಾಳು ಲಾರೆನ್ಸ್ ಸ್ಟೆನ್‌ಹೌಸ್. ಯುದ್ಧ, ಬಡತನದಂಥ ವಿಷಯಗಳನ್ನು ಮಕ್ಕಳು ಚರ್ಚಿಸಬೇಕು, ಶಿಕ್ಷಕರು ತಮ್ಮ ಅಭಿಪ್ರಾಯ ಹೇರಬಾರದು ಎಂಬುದು ಅದರ ನಿಯಮ. ಆ ಅನುಭವದಿಂದ, ತರಗತಿಯನ್ನು ಅಧ್ಯಯನ ಮಾಡಬೇಕಾದವರು ಶಿಕ್ಷಕರೇ ಎಂದು ಅವರು 1975ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆ ಪುಸ್ತಕಕ್ಕೂ ಈಗ ಐವತ್ತು ತುಂಬಿದೆ. ನಮ್ಮ ಶಾಲೆಯ ಓರಗೆಯದು.

ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಬಂದವು. ಕ್ರಿಯಾ ಸಂಶೋಧನೆ ಅವುಗಳ ಕೆಲಸಗಳಲ್ಲಿ ಒಂದಾಯಿತು.

ಆದರೆ ನಿಜ ಹೇಳಬೇಕು. ತರಬೇತಿಯಲ್ಲಿದ್ದಾಗ ನಾನು ಬರೆದ ವರದಿ ಅಂಕಕ್ಕಾಗಿ ಬರೆದದ್ದು. ಅಂದವಾಗಿ ಬೈಂಡ್ ಮಾಡಿಸಿದೆ; ಅದರಿಂದ ಯಾವ ಮಗುವಿಗೂ ಉಪಯೋಗವಾಗಲಿಲ್ಲ. ವರ್ಷಗಳ ನಂತರ, ಅರ್ಧ ಮತ್ತು ಮೂರನೇ ಒಂದು ಭಾಗವನ್ನು ಕೂಡಿಸಿ ‘ಐದನೇ ಎರಡು’ ಎಂದು ಬರೆದ ಹುಡುಗಿಗೆ ಕೆಂಪು ಗೀಟು ಎಳೆಯುವ ಬದಲು, “ಹೇಗೆ ಮಾಡಿದೆಯಮ್ಮಾ?” ಎಂದು ಕೇಳಿದೆ. “ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಸಾರ್” ಎಂದಳು. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದೇ ಎಂದು ಮರುದಿನ ರೊಟ್ಟಿ ಮುರಿದು ತೋರಿಸಿದೆ. ಆ ವಾರ ಉಳಿದ ಮಕ್ಕಳ ಪುಸ್ತಕಗಳನ್ನೂ ನೋಡಿ, ಪಾಠದ ಕ್ರಮವನ್ನೇ ಬದಲಿಸಿದೆ. ನನ್ನ ನಿಜವಾದ ಸಂಶೋಧನೆ ಅದೇ. ಅದನ್ನು ಬರೆದಿಡಲಿಲ್ಲ.

ಈ ಐವತ್ತು ವರ್ಷಗಳ ಫಲಿತಾಂಶ ಪಟ್ಟಿಗಳು ಶಾಲೆಯ ಬೀರುವಿನಲ್ಲಿವೆ. ಗುರುಗಳು ಮಾಡಿ ನೋಡಿದ ಇಂಥ ಪ್ರಯೋಗಗಳು ಅವರೊಂದಿಗೇ ಹೋದವು. ಕಿರಿಯ ಶಿಕ್ಷಕ ಬಂಧುಗಳೇ, ಒಂದು ನೋಟ್‌ಬುಕ್ ಇಡಿ. ಶತಮಾನೋತ್ಸವ ಸಂಚಿಕೆಗೆ ಅದು ಬೇಕಾಗುತ್ತದೆ.